ಹಳೇ ಡಿಸ್ಕ್ ಬಿಚ್ಚಿದ ಮಧ್ಯಾಹ್ನ

ಬಾಗಿಲು ತೆಗೆದ ಪಲ್ಲವಿಯ ಕೈ ಚಿಲಕದ ಮೇಲೇ ನಿಂತುಬಿಟ್ಟಿತು.

ಕಂಪ್ಯೂಟರ್ ರಿಪೇರಿಗೆ ಹುಡುಗನನ್ನು ಕಳಿಸ್ತೀವಿ ಅಂತ ತುಮಕೂರಿನ ಅಂಗಡಿಯವರು ಹೇಳಿದ್ದರು. ಗುಬ್ಬಿಯ ಈ ಮನೆ ಮುಂದೆ ಬಂದು ನಿಂತವನು ಸೋಮಶೇಖರ್!

ಒಂದು ಕಾಲದಲ್ಲಿ ಅವಳ ಸೋಮು. ಅಣ್ಣ ಚನ್ನೇಶನ ಜೀವದ ಗೆಳೆಯ. ಅಣ್ಣ ಸತ್ತ ದಿನ ಬೈಕ್ ಓಡಿಸುತ್ತಿದ್ದವನು...

ಗುದ್ದಿದ ಲಾರಿಯವನನ್ನು ಯಾರೂ ಹುಡುಕಲಿಲ್ಲ. ಬದುಕುಳಿದವನೇ ಕೊಂದವನು ಅಂದುಬಿಟ್ಟರು ನೆಂಟರು. ಥೂ, ಎಂಥಾ ನ್ಯಾಯವೋ ಅದು!

"ನೀವಾ?" ಅಂದಳು.

ಆ ಬಹುವಚನ ಅವನ ಕಪಾಳಕ್ಕೆ ಬಾರಿಸಿದಂತಿತ್ತು.

ಚನ್ನೇಶ ಮದುವೆ ವಿಡಿಯೋ ಎಡಿಟ್ ಮಾಡುತ್ತಿದ್ದ. ಅವನ ಫೋನು ರಸ್ತೆಯಲ್ಲೇ ಪುಡಿಯಾಗಿತ್ತು. ಅವನ ನಗು, ಹಾಡು, ದನಿ ಉಳಿದಿದ್ದು ಈ ಕಂಪ್ಯೂಟರಿನಲ್ಲಿ ಮಾತ್ರ. ಈಗ ಇದರ ಡಿಸ್ಕೂ ಕಟಕಟ ಅನ್ನುತ್ತಿತ್ತು. ಅಮ್ಮ ದಾಕ್ಷಾಯಣಿ ಮಗ ಹೋದಾಗಿನಿಂದ ಮಾತೇ ಬಿಟ್ಟಿದ್ದರು. ಅವನ ದನಿ ಕೇಳಿಸಿದರಾದರೂ ಬಾಯಿ ಬಿಟ್ಟಾರು ಅನ್ನೋದೊಂದೇ ಪಲ್ಲವಿಯ ಆಸೆ.

ಸೋಮು ಕೂತು, ಹಳೇ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಹೊಸದಕ್ಕೆ ನಕಲು ಮಾಡಿದ. ಹಳೇದನ್ನು ಬಿಚ್ಚಕೂಡದು, ಅದು ಅಣ್ಣ ಕೈಯಾರೆ ಹಾಕಿದ್ದು ಅಂತ ಅವಳು ಮೊದಲೇ ಕಟ್ಟಪ್ಪಣೆ ಮಾಡಿದ್ದಳು. ಎರಡನ್ನೂ ಒಳಗೇ ಇಟ್ಟು ಸ್ವಿಚ್ ಒತ್ತಿದ.

ಕಪ್ಪು ಪರದೆ.

ಕೇಬಲ್ ಬದಲಿಸಿ ಒತ್ತಿದ. ಕಪ್ಪೇ...

"ಇದನ್ನೂ ಸಾಯಿಸಿದ್ರಾ?"

ಅವನು ಮುಖ ಎತ್ತಲಿಲ್ಲ. ನಕಲಾದ್ದರಿಂದ ಎರಡಕ್ಕೂ ಒಂದೇ ಗುರುತು, ಜೊತೆಗಿದ್ದರೆ ಯಾವುದರಿಂದ ಏಳಬೇಕೋ ಯಂತ್ರಕ್ಕೆ ತಿಳಿಯಲ್ಲ, ಹಳೇದನ್ನು ಬಿಚ್ಚಲೇಬೇಕು ಅಂದ.

"ಬಿಚ್ಚೋದು, ಕಳೆಯೋದು... ನಿಮಗೆ ಸಲೀಸು. ಅವನ ಮಣ್ಣಿಗೂ ಬರಲಿಲ್ಲ ನೀವು."

"ಬಂದಿದ್ದೆ ಕಣೇ. ಕಾಲಿಗೆ ಪಟ್ಟಿ ಕಟ್ಕೊಂಡು ಆಟೋದಲ್ಲಿ ಬಂದಿದ್ದೆ. ನಿಮ್ಮ ದೊಡ್ಡಪ್ಪ ಬೇಲಿ ಹತ್ರಾನೇ ತಡೆದ್ರು. ಇಳಿದ್ರೆ ಹೂತಾಕ್ತೀನಿ ಅಂದ್ರು."

ಪಲ್ಲವಿಗೆ ನೆನಪಾಯಿತು. ಅಣ್ಣನನ್ನು ಮಣ್ಣು ಮಾಡಿದ ತೋಟದ ಬೇಲಿ ಪಕ್ಕ, ಪರದೆ ಇಳಿಬಿಟ್ಟು ಬಹಳ ಹೊತ್ತು ನಿಂತಿದ್ದ ಆಟೋ...

ಅಯ್ಯೋ. ಅದರೊಳಗೆ ಇವನಿದ್ದನಾ?

ಅವಳೇ ಕೆಳಗೆ ಕೂತಳು. ಯಾವ ವೈರು ಅಂತ ಕೇಳಿದಳು. ತನ್ನ ಕೈಯಾರೆ ಅಣ್ಣನ ಡಿಸ್ಕ್ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡಳು.

ಸೋಮು ಸ್ವಿಚ್ ಒತ್ತಿದ. ಪರದೆ ಬೆಳಗಿತು. ಚನ್ನೇಶ ಕೆಲಸಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದ, ಕಂಪ್ಯೂಟರ್ ಶುರುವಾಗುವ ಆ ಹಳೇ ಟ್ಯೂನು ಮನೆಯೆಲ್ಲ ಕೇಳಿಸಿತು.

ಅಡುಗೆಮನೆಯಲ್ಲಿ ತಟ್ಟೆ ಸದ್ದಾಯಿತು.

"ಲೋ ಚನ್ನೇಶಾ... ಆ ಡಬ್ಬ ಆಮೇಲ್ ನೋಡೀವಂತೆ, ಊಟಕ್ಕೆ ಬಾರ್ಲಾ. ಮುದ್ದೆ ಆರೋಯ್ತದೆ."

ಅಣ್ಣ ಹೋಗಿ ಇಷ್ಟು ತಿಂಗಳಿಗೆ ಅಮ್ಮನ ಮೊದಲ ಮಾತು.

ಸೋಮು ಹೊರಡಲು ಬ್ಯಾಗ್ ಎತ್ತಿಕೊಂಡ. ಅವಳು ಅವನ ತೋಳು ಹಿಡಿದಳು.

"ನಂಗಾಗಲ್ಲ ಪಲ್ಲವಿ. ಹೆಂಗೆ ಮುಖ ತೋರಿಸ್ಲಿ?"

"ಅವನು ಬರಲ್ಲ ಅಂತ ಅಮ್ಮಂಗೆ ಹೇಳ್ಬೇಕಲ್ಲ... ಒಬ್ಳೇ ಹೆಂಗೆ ಹೇಳ್ಲೋ? ನೀನೂ ಬಾರೋ, ಸೋಮು."

ಅವನು ಕಣ್ಣೊರೆಸಿಕೊಂಡ.

"ಕೈ ತೊಳ್ಕೊಂಡ್ ಬರ್ತೀನಿ."

"ಬಾ. ಇಲ್ಲೇ ನಿಂತಿರ್ತೀನಿ."