ಹೊಟ್ಟೆಯ ಪುಸ್ತಕ

"ಸೋಮವಾರ, ಹಾಲು, ಎರಡು ಸಲ. ಮಂಗಳವಾರ, ಎಲೆಕೋಸು, ಮೂರು ಸಲ. ಬುಧವಾರ..." ಗಟ್ಟಿಯಾಗಿ ಓದುತ್ತಿದ್ದ ಅತ್ತೆಯ ದನಿ ಅಲ್ಲಿಗೆ ನಿಂತಿತು. ಕನ್ನಡಕ ಸರಿಮಾಡಿಕೊಂಡು, ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ನೋಡಿದರು. "ಬುಧವಾರ, ಅತ್ತೆ... ಐದು ಸಲ!"

ಭಾನುವಾರದ ಮಧ್ಯಾಹ್ನ. ಊಟದ ತಟ್ಟೆಗಳನ್ನು ಇನ್ನೂ ಎತ್ತಿರಲಿಲ್ಲ. ಸೊಸೆ ಆಗತಾನೇ ಟಾಯ್ಲೆಟ್ಟಿನ ಬಾಗಿಲು ತೆಗೆದು, ಗೋಡೆ ಹಿಡಿದುಕೊಂಡು ಹೊರಗೆ ಬಂದಿದ್ದಳು. ಮಾತ್ರೆ ಡಬ್ಬಿಯ ಕೆಳಗೆ ತಾನು ಬಚ್ಚಿಟ್ಟಿದ್ದ ಪುಟ್ಟ ಪುಸ್ತಕ ಅತ್ತೆಯ ಕೈಯಲ್ಲಿರುವುದನ್ನು ಕಂಡು ಅವಳು ಗೋಡೆ ಬಿಟ್ಟು ಮೇಜಿನತ್ತ ಬಂದಳು.

"ಎಲೆಕೋಸಿನ ಜೊತೆ ನನ್ನನ್ನೂ ಸೇರಿಸಿದ್ದೀಯಲ್ಲೇ! ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ ತಾನೆ? ಮೂವತ್ತು ವರ್ಷ ಹಾಸ್ಟೆಲಿನಲ್ಲಿ ಇನ್ನೂರು ಮಕ್ಕಳಿಗೆ ಬೇಯಿಸಿ ಹಾಕಿದ ಕೈ ಇದು. ಒಂದು ಮಗುವಾದ್ರೂ ಹೊಟ್ಟೆ ಹಿಡ್ಕೊಂಡು ಕೂತಿದ್ದಿಲ್ಲ. ನಾನು ನಿನಗೆ ವಿಷ ಹಾಕ್ತೀನಾ? ಹೇಳೇ!"

"ಹಾಗಲ್ಲ ಅತ್ತೆ... ಡಾಕ್ಟರು ಬರೀರಿ ಅಂದ್ರು..."

"ನನ್ನ ಹೆಸರು ಬರೀರಿ ಅಂದ್ರಾ?"

ಗಂಡ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಅವನು ಗಡಿಯಾರ ರಿಪೇರಿ ಮಾಡುವವನು. ಎಂಥ ಹಠಮಾರಿ ಗಡಿಯಾರದ ಹೊಟ್ಟೆಯನ್ನಾದರೂ ಬಿಚ್ಚಿ ಸರಿಮಾಡುತ್ತಿದ್ದ. ಹೆಂಡತಿಯ ಹೊಟ್ಟೆ ಮಾತ್ರ ಮೂರು ವರ್ಷವಾದರೂ ಅವನಿಗೆ ಅರ್ಥವಾಗಿರಲಿಲ್ಲ. ತಾಯಿ, ಹೆಂಡತಿ ಇಬ್ಬರ ನಡುವೆ ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವನಂತೆ ಕೂತಿದ್ದ.

ಅವನಿಗೇನು, ಡಾಕ್ಟರಿಗೂ ಪೂರ್ತಿ ಅರ್ಥವಾಗಿರಲಿಲ್ಲ. ರಕ್ತ ನೋಡಿದರು, ಸ್ಕ್ಯಾನ್ ಮಾಡಿದರು, ಹುಣ್ಣಿಲ್ಲ, ಗಂಟಿಲ್ಲ. "ನಿಮ್ಮ ಕರುಳಿಗೆ ಸಿಟ್ಟು ಜಾಸ್ತಿ ಕಣಮ್ಮ. ಐಬಿಎಸ್ ಅಂತೀವಿ. ಪೂರ್ತಿ ವಾಸಿಯಾಗುತ್ತೆ ಅಂತ ಸುಳ್ಳು ಹೇಳಲ್ಲ, ನಿಭಾಯಿಸ್ಕೊಂಡು ಹೋಗಬೇಕು. ದಿನಾ ಏನು ತಿಂದ್ರಿ, ಮನಸ್ಸಿಗೆ ಏನಾಯ್ತು, ಎಷ್ಟು ಸಲ ಹೋದ್ರಿ, ಮೂರನ್ನೂ ಬರೆದಿಡಿ" ಎಂದಿದ್ದರು. ಇದು ರೋಗ ಎಂದರೆ ಯಾರು ನಂಬುತ್ತಾರೆ? ಕಾಲು ಮುರಿದರೆ ನೋಡಲು ನಾಲ್ಕು ಜನ ಬರುತ್ತಾರೆ. ಹೊಟ್ಟೆ ಕೆಟ್ಟರೆ ನಗುತ್ತಾರೆ.

"ನಾಳೆಯಿಂದ ಒಲೆ ಬೇರೆ," ಅತ್ತೆ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದರು. "ಇಲ್ಲ ಅಂದ್ರೆ ಒಂದು ಮನೆ ನೋಡ್ಕೊಂಡು ಇಬ್ಬರೂ ಹೊರಡಿ. ಈ ಪಟ್ಟೀಲಿ ಸೇರಿಸ್ಕೊಂಡು ನಾನು ಬದುಕಲಾರೆ!"

"ಅಮ್ಮಾ..." ಎಂದು ಮಗ ಕುರ್ಚಿಯಿಂದ ಅರ್ಧ ಎದ್ದ.

ಸೊಸೆ ಕುರ್ಚಿಯ ಮೇಲೆ ಕುಸಿದಳು. ಅಳುವುದಕ್ಕೂ ಬಲ ಬೇಕಲ್ಲ... ಅವಳಲ್ಲಿ ಅದೂ ಇರಲಿಲ್ಲ.

"ಅತ್ತೆ, ಬುಧವಾರ ಏನಾಯ್ತು ಗೊತ್ತಾ? ಬಸ್ ಸ್ಟ್ಯಾಂಡಿನಲ್ಲಿ ನನ್ನ ಟಿಕೆಟ್ ಕಿಟಕಿಗೆ ಹಲಗೆ ಅಡ್ಡ ಇಟ್ಟು ಓಡಿದೆ. ವಾಪಸ್ ಬರೋಷ್ಟರಲ್ಲಿ ಮೂವತ್ತು ಜನದ ಸಾಲು. ಒಬ್ಬ ಮುದುಕ, ಬಸ್ಸು ಹೋಯ್ತಲ್ಲಮ್ಮ, ಏನು ಮಾಡ್ತಿದ್ದೆ ಒಳಗೆ ಅಂತ ಎಲ್ಲರೆದುರು ಕೇಳಿದ. ಏನಂತ ಹೇಳಲಿ? ಬೆಳಿಗ್ಗೆ ತಿಂದ್ರೆ ಓಡಬೇಕಾಗುತ್ತೆ ಅಂತ ಉಪವಾಸ ಹೋಗಿದ್ದೆ. ಮನೆಗೆ ಬಂದ್ರೆ ನೀವು, ಪಾತ್ರೆ ತೊಳೆಯೋ ಹೊತ್ತಿಗೆ ಸರಿಯಾಗಿ ನಿನಗೆ ಹೊಟ್ಟೆನೋವು ಬರುತ್ತೆ, ಮೈಗಳ್ಳಿ ಅಂದ್ರಿ... ಅದನ್ನ ಬರೆದೆ. ನಿಮ್ಮ ಅಡುಗೆ ಮೇಲೆ ಒಂದಕ್ಷರ ಬರೆದಿಲ್ಲ. ನೀವು ಬೆಳ್ಳುಳ್ಳಿ ಹುರಿದ್ರೆ ನನಗೆ ಬಾಯಲ್ಲಿ ನೀರು ಬರುತ್ತೆ ಅತ್ತೆ. ತಿನ್ನೋಕಾಗಲ್ಲ ಅಂತ ಕಣ್ಣಲ್ಲೂ ಬರುತ್ತೆ."

ಅತ್ತೆ ಎಲ್ಲೋ ನೋಡುತ್ತಾ ಪುಸ್ತಕದ ಹಾಳೆ ಮಗುಚಿದರು. ಹಿಂದಿನ ವಾರದ ಒಂದು ಸಾಲಿನ ಮೇಲೆ ಅವರ ಬೆರಳು ನಿಂತಿತು. 'ಶನಿವಾರ, ಅನ್ನ, ಕ್ಯಾರೆಟ್. ಅತ್ತೆ ತಲೆ ಬಾಚಿದರು. ಒಂದೇ ಸಲ.'

ಆಮೇಲೆ ತಟ್ಟೆಗಳನ್ನೆಲ್ಲ ತಾವೇ ಎತ್ತಿಕೊಂಡು ಒಳಗೆ ಹೋದರು.

ಮರುದಿನ ಒಲೆ ಬೇರೆಯಾಗಲಿಲ್ಲ. ಅದೇ ಒಲೆಯ ಮೇಲೆ ಒಂದು ಚಿಕ್ಕ ಪಾತ್ರೆ ಹೆಚ್ಚಾಯಿತು, ಅಷ್ಟೇ. ಇನ್ನೂರು ಮಕ್ಕಳಿಗೆ ಬೇಯಿಸಿದಾಕೆ ಈಗ ಒಬ್ಬಳಿಗೆಂದು ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಬೇಯಿಸುವುದನ್ನು ಕಲಿತರು. ಪುಸ್ತಕಕ್ಕೆ ದಾರ ಕಟ್ಟಿ, ಪೆನ್ಸಿಲ್ ಸಿಕ್ಕಿಸಿ ಅಡುಗೆಮನೆಯ ಮೊಳೆಗೆ ತೂಗುಹಾಕಿದರು. ಬೈಗುಳ ನಾಲಿಗೆಯ ತುದಿಗೆ ಬಂದಾಗಲೆಲ್ಲ ನೀರು ಕುಡಿಯುತ್ತಿದ್ದರು. ಪಾಪ, ಆ ವಾರ ಆಕೆ ಕುಡಿದ ನೀರಿಗೆ ಲೆಕ್ಕವಿಲ್ಲ!

ಗುರುವಾರ ಸಂಜೆ ಸೊಸೆ ಕೆಲಸದಿಂದ ಬಂದಾಗ ಅಂದಿನ ಸಾಲು ಆಗಲೇ ಬರೆದಾಗಿತ್ತು. ಹಾಸ್ಟೆಲಿನ ದಿನಸಿ ಪಟ್ಟಿ ಬರೆದು ಪಳಗಿದ ದುಂಡು ಅಕ್ಷರ. 'ಈರುಳ್ಳಿ ಇಲ್ಲ. ಹಾಲು ಇಲ್ಲ. ಬೈದಿಲ್ಲ.' ಅದರ ಮುಂದೆ ಅಂಕಿಗೆಂದು ಜಾಗ ಬಿಟ್ಟಿದ್ದರು.

"ಎಷ್ಟು ಸಲ, ಬರಿ," ಎಂದರು ಅತ್ತೆ. ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗಿಯ ಮುಖವಿತ್ತು ಅವರದು.

ಐದು ಸಲ ಆಗಿತ್ತು. ಯಾವ ಕಾರಣವೂ ಇಲ್ಲದೆ, ಯಾರೂ ಬೈಯದೆ, ತಿನ್ನಬಾರದ್ದೇನೂ ತಿನ್ನದೆ ಐದು ಸಲ. ಈ ರೋಗದ ಬುದ್ಧಿಯೇ ಅಂಥದ್ದು, ಒಳ್ಳೆಯತನಕ್ಕೂ ಅದು ಸೊಪ್ಪು ಹಾಕುವುದಿಲ್ಲ. ಸೊಸೆ ಪೆನ್ಸಿಲ್ ಹಿಡಿದು ಒಂದು ಗಳಿಗೆ ನಿಂತಳು. ಡಾಕ್ಟರಿಗೆ ನಿಜ ಬಾಯಲ್ಲಿ ಹೇಳಿದರಾಯಿತು...

'ಒಂದು' ಎಂದು ಬರೆದಳು.

"ನೋಡಿದ್ಯೇನೋ!" ಅತ್ತೆ ಪುಸ್ತಕವನ್ನು ಕಿತ್ತುಕೊಂಡು ಮಗನ ಹತ್ತಿರ ಓಡಿದರು. "ಒಂದೇ ಸಲವಂತೆ ಕಣೋ! ನನ್ನ ಕೈ ಇನ್ನೂ ಕೆಟ್ಟಿಲ್ಲ!"

ಅವರ ಬೆನ್ನು ಆಚೆ ತಿರುಗಿದ ಮೇಲೆ ಸೊಸೆ ಹೊಟ್ಟೆಯನ್ನು ಒತ್ತಿಹಿಡಿದು ಟಾಯ್ಲೆಟ್ಟಿನತ್ತ ಮೆಲ್ಲನೆ ಹೆಜ್ಜೆಯಿಟ್ಟಳು. ಒಳಗೆ ಹೋಗಿ, ಚಿಲಕವನ್ನು ಸದ್ದಾಗದಂತೆ ಹಾಕಿಕೊಂಡಳು.