ಬಾಲಿಗೆ ಎರಡು ಟಿಕೆಟ್

"ಓಡಿ ಹೋಗಬೇಕಾಗೇತ್ರಿ!"

ದುರ್ಗಾ ಕಂಪ್ಯೂಟರಿನಿಂದ ತಲೆ ಎತ್ತಿದಳು. ಅಂಗಡಿಯ ಬಾಗಿಲಲ್ಲಿ ಎತ್ತರದ ಯುವಕನೊಬ್ಬ ನಿಂತಿದ್ದ. ಅಂಗಿಯ ತುಂಬ ತೌಡು, ಹುಬ್ಬಿನ ಮೇಲೂ ತೌಡು. ಭತ್ತದ ಗಿರಣಿಯಿಂದ ನೇರ ಎದ್ದು ಬಂದಿದ್ದಾನೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಏನಂದ್ರಿ?"

"ಓಡಿ ಹೋಗಿ ಮದಿವಿ... ಫಾರಿನ್ನಿನ್ಯಾಗ. ಇಬ್ಬರಿಗೆ ಟಿಕೆಟ್ ಬೇಕ್ರಿ. ಸಾವಕಾಶ ಮಾತಾಡ್ರಿ, ಹೊರಗ ನಮ್ಮೂರ ಮಂದಿ ಅದಾರ."

ಸಾವಕಾಶ ಮಾತಾಡಬೇಕಾದವನು ಅವನೇ! ದಿನವಿಡೀ ಗಿರಣಿಯ ಸದ್ದಿನಲ್ಲಿ ಕೂಗಿ ಕೂಗಿ ರೂಢಿಯಾದ ದನಿ ಅದು. ಹೊರಗೆ ಕೂತಿದ್ದ ಶೇಂಗಾ ಮಾರುವ ಮೀರಾಬಿ ಕೂಡ ಇತ್ತ ತಿರುಗಿ ನೋಡಿದಳು.

ಕಲಘಟಗಿ ಬಸ್‌ಸ್ಟ್ಯಾಂಡಿನ ಬಾಜೂಕ್ಕೆ ದುರ್ಗಾಳ ಅಂಗಡಿ. ಬಸ್ಸು, ರೈಲು, ವಿಮಾನದ ಟಿಕೆಟ್, ಕಾಶಿ ಯಾತ್ರೆ, ಪಾಸ್‌ಪೋರ್ಟ್ ಅರ್ಜಿ, ಫೋಟೋ... ಎಲ್ಲ ಅವಳೊಬ್ಬಳದೇ ಕಾರಭಾರ. ಮಾತಿನಲ್ಲಿ ಯಾರಿಗೂ ಸೋಲುವವಳಲ್ಲ. ಮನೆಯಲ್ಲಿ ಮದುವೆಯ ಮಾತು ತೆಗೆದರೆ ಮಾತ್ರ "ನನಗ ಪುರುಸೊತ್ತಿಲ್ಲ" ಎಂದು ಜಾರಿಕೊಳ್ಳುತ್ತಿದ್ದಳು. ಅಂಥವಳಿಗೆ ಇವತ್ತು, ಈ ತೌಡು ಮೆತ್ತಿದ ಹುಬ್ಬು ನೋಡಿ, ಎದೆಯಲ್ಲಿ ಏನೋ ಒಂಥರಾ ಆಯಿತು.

'ಛೇ! ಇಂಥ ಹುಡುಗ ಆಗಲೇ ಯಾರನ್ನೋ ಕಟ್ಟಿಕೊಂಡು ಓಡಿ ಹೊಂಟಾನಲ್ಲ...'

"ಹೆಸರು?"

"ಸಿದ್ಧಾರೂಢ. ಬಮ್ಮಿಗಟ್ಟಿ. ಸಿದ್ದು ಅಂತಾರ."

"ಹುಡುಗಿ ಹೆಸರು?"

"ಅದನ್ನ ಈಗ ಹೇಳಾಕ ಬರಂಗಿಲ್ರಿ. ಆಣಿ ಮಾಡೀನಿ."

"ಅಬ್ಬಾ! ಹುಡುಗಿ ಮನಿಯಾಗ ಒಪ್ಪಿಲ್ಲೇನು?"

"ಮನಿ ಬಿಡ್ರಿ, ಊರೇ ಒಪ್ಪಂಗಿಲ್ಲ. ನೋಡ್ರಿ, ಸಮುದ್ರ ಇರಬೇಕು. ಹೂವಿನ ಮಂಟಪ ಇರಬೇಕು. ನಮ್ಮ ಮಂದಿ ಒಬ್ರೂ ಇರಬಾರದು. ಮತ್ತ ಬಿಸಿಲಂತೂ ಇರಾಕ ಬೇಕು! ಮಟಮಟ ಮಧ್ಯಾಹ್ನ ತಾಳಿ ಕಟ್ಟಬೇಕು."

"ಸಮುದ್ರದ ದಂಡಿಮ್ಯಾಲ ಸಂಜಿಮುಂದ ಅಗದಿ ಚೊಲೋ ಇರತೈತ್ರಿ. ಫೋಟೋ ಭಾರಿ ಬರ್ತಾವ."

"ಸಂಜಿ ಬ್ಯಾಡ್ರಿ." ಅವನ ಮುಖ ಒಮ್ಮೆಲೇ ಗಂಭೀರವಾಯಿತು. "ಬೆಳಕು ಬೇಕು."

ಎಂಥ ನಾಜೂಕಿನ ಹುಡುಗಿಯೋ ಏನೋ ಎಂದುಕೊಂಡು ದುರ್ಗಾ ಮೂಗು ಮುರಿದಳು. ಆದರೆ ಕೆಲಸ ಕೆಲಸವೇ. ಬಾಲಿ ದ್ವೀಪದ ಚಿತ್ರಗಳನ್ನು ತೆಗೆದು ತೋರಿಸಿದಳು.

ಆಮೇಲೆ ಸಿದ್ದು ಬರತೊಡಗಿದ ನೋಡಿ! ಒಮ್ಮೆ ಮಂಟಪದ ಬಣ್ಣ ಕೇಳಲು, ಇನ್ನೊಮ್ಮೆ ವಿಮಾನದಲ್ಲಿ ರೊಟ್ಟಿ ಕೊಡುತ್ತಾರೋ ಇಲ್ಲವೋ ಕೇಳಲು. ಫೋನಿನಲ್ಲಿ ಮುಗಿಯುವ ಮಾತಿಗೆ ಬಮ್ಮಿಗಟ್ಟಿಯಿಂದ ಬೈಕು ಹತ್ತಿ ಬರುತ್ತಿದ್ದ. ಬಂದವನು ಚಹಾ ಕುಡಿಯದೆ ಏಳುತ್ತಿರಲಿಲ್ಲ.

"ನೀವು ವಿಮಾನ ಹತ್ತೀರೇನ್ರಿ?" ಒಂದು ದಿನ ಕೇಳಿದ.

"ಮಂದಿನ್ನ ಹತ್ತಸೂದರಾಗ ಆಯುಷ್ಯ ಹೊಂಟೈತ್ರಿ. ನಾನೆಲ್ಲಿ ಹತ್ತಲಿ?"

"ನಿಮಗ ಯಾವ ಹೂವು ಚೊಲೋ ಅನಸ್ತಾವ?"

"ಮದಿವಿ ನಂದಲ್ಲಲ್ರಿ! ನಿಮ್ಮ ಹುಡುಗಿನ್ನ ಕೇಳ್ರಿ."

"ನೀವೂ ಹೇಳ್ರಲಾ..."

"ಅಬ್ಬಲಿಗಿ," ಅಂದಳು, ಕೀಲಿಮಣೆಯ ಮೇಲಿಂದ ಕಣ್ಣು ತೆಗೆಯದೆ.

ಮರುವಾರ ಬಂದವನು ಬಾಳೆಲೆಯಲ್ಲಿ ಸುತ್ತಿದ ಅಬ್ಬಲಿಗೆ ದಂಡೆಯನ್ನು ಮೇಜಿನ ಮೇಲಿಟ್ಟ. "ಹಿತ್ತಲದಾಗ ಬಿಟ್ಟಿದ್ವು. ಒಣಗಿ ಹೋಗ್ತಾವಂತ ತಂದೆ."

ದುರ್ಗಾಗೆ ಮೊದಲು ಬಂದದ್ದು ನಾಚಿಕೆ. ಹಿಂದೆಯೇ ಬಂದದ್ದು ಕೆಂಡದಂಥ ಸಿಟ್ಟು! ಹೇಳಿ, ಯಾರಿಗೆ ಬರುವುದಿಲ್ಲ? ಒಬ್ಬಳ ಜೊತೆ ಓಡಿ ಹೋಗುವವನು ಇನ್ನೊಬ್ಬಳಿಗೆ ಹೂವು ತರುವುದೇ?

"ತಗೊಂಡು ಹೋಗ್ರಿ ಇದನ್ನ. ನಿಮ್ಮ ಮದಿಮಗಳಿಗೆ ಮುಡಸ್ರಿ."

ಸಿದ್ದು ಕಕ್ಕಾಬಿಕ್ಕಿಯಾದ. ದಂಡೆಯನ್ನು ಎತ್ತಿಕೊಂಡ. ಕೊನೆಗೆ ಇಷ್ಟೇ ಅಂದ, "ನಾಳೆ ಆಕಿನ್ನ ಕರಕೊಂಡು ಬರ್ತೀನ್ರಿ. ಪಾಸ್‌ಪೋರ್ಟ್ ಅರ್ಜಿ ಹಾಕಬೇಕಲ್ಲ, ವೀಸಾಕ್ಕ ಫೋಟೋನೂ ತಗದುಬಿಡ್ರಿ."

ಅವನು ಹೋದ ಮೇಲೆ ದುರ್ಗಾ ಕಣ್ಣೊರೆಸಿಕೊಂಡಳು. 'ಹುಚ್ಚಿ! ಗಿರಾಕಿ ಮ್ಯಾಲ ಮನಸ್ಸಿಟ್ಟಿಯಲ್ಲ...' ಅಂದು ಅವಳಿಗೆ ಊಟ ಸೇರಲಿಲ್ಲ.

ಮರುದಿನ ಇದ್ದುದರಲ್ಲಿ ಚೆಂದದ ಚೂಡಿದಾರ್ ಹಾಕಿಕೊಂಡು ಬಂದಳು. ಆ ಮಹಾರಾಣಿ ಎಷ್ಟು ಚೆಲುವಿ ಇರಬಹುದು, ನೋಡಿಯೇ ಬಿಡೋಣ!

ಸಿದ್ದು ಬಂದ. ಅವನ ಜೊತೆ ಇಳಕಲ್ ಸೀರೆಯ, ಹಣೆಗೆ ವಿಭೂತಿ ಹಚ್ಚಿದ, ಐವತ್ತರ ಹತ್ತಿರದ ಹೆಂಗಸು.

"ನಮ್ಮವ್ವ, ಗುರವ್ವ," ಅಂದ ಸಿದ್ದು.

"ಬರ್ರಿ ಅವ್ವಾರ, ಕುಂದರ್ರಿ." ದುರ್ಗಾ ಅವರ ಬೆನ್ನ ಹಿಂದೆ ಇಣುಕಿದಳು. ರಸ್ತೆ ನೋಡಿದಳು. ಯಾರೂ ಇಲ್ಲ. "ಹುಡುಗಿ ಎಲ್ರಿ?"

ಸಿದ್ದು ಅವ್ವನ ಮುಖ ನೋಡಿದ. ಗುರವ್ವ ಸೆರಗನ್ನು ಬಾಯಿಗೆ ಹಿಡಿದು ನಕ್ಕಳು. ನಗುತ್ತಲೇ ಅವಳ ಕಣ್ಣು ತುಂಬಿದವು.

"ಹುಡುಗಿ ನಾನೇ ಅದೀನವಾ..."

ದುರ್ಗಾ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು ಕೂತಳು.

ಗುರವ್ವನೇ ಎಲ್ಲ ಹೇಳಿದಳು. ಗಂಡ ತೀರಿಕೊಂಡಾಗ ಸಿದ್ದು ಇನ್ನೂ ಕನ್ನಡ ಸಾಲೆಯ ಹುಡುಗ. ಮೊಸರು ಮಾರಿ, ಗಿರಣಿ ನಡೆಸಿ ಅವನನ್ನು ಬೆಳೆಸಿದಳು. ಬಮ್ಮಿಗಟ್ಟಿ ಬಸ್ಸಿನ ಡ್ರೈವರ್ ಕುಬೇರಪ್ಪ, ಹೆಂಡತಿ ಇಲ್ಲದವನು, ಇವಳು ಗಡಿಗೆ ಹೊತ್ತು ಬರುವುದು ತಡವಾದರೆ ಗಾಲಿ ಒದ್ದು ಪರೀಕ್ಷೆ ಮಾಡುವವನಂತೆ ಬಸ್ಸು ನಿಲ್ಲಿಸಿಕೊಂಡು ನಿಲ್ಲುತ್ತಿದ್ದ. ಒಂದು ಮಾತಿಲ್ಲ, ಕತೆಯಿಲ್ಲ. ನಿವೃತ್ತಿಯಾದ ಮೇಲೆ ಒಂದು ದಿನ ಗಿರಣಿಗೆ ಬಂದು ಸಿದ್ದುವನ್ನೇ ಕೇಳಿದ, "ನಿಮ್ಮವ್ವನ್ನ ನನಗ ಮದಿವಿ ಮಾಡಿಕೊಡ್ತೀಯೇನಪಾ?"

"ನಮ್ಮ ಕಡಿ ಗಂಡ ಸತ್ತಾಕಿ ಮತ್ತ ಮದಿವಿ ಆಗಬ್ಯಾಡ ಅನ್ನಂಗಿಲ್ಲವಾ," ಅಂದಳು ಗುರವ್ವ. "ಆದ್ರ ಅದಕ್ಕ ಮದಿವಿ ಅನ್ನಂಗಿಲ್ಲ, ಉಡಕಿ ಅಂತಾರ. ಹೊತ್ತು ಮುಳುಗಿದ ಮ್ಯಾಲ ದೀಪ ಸಣ್ಣ ಮಾಡಿ, ಕದ ಹಾಕ್ಕೊಂಡು, ನಾಕು ಮಂದಿ ಸೀರಿ ಉಡಿಸಿ ಕಳಸ್ತಾರ. ಮುತ್ತೈದ್ಯಾರು ಬರಂಗಿಲ್ಲ. ಕನ್ಯಾಗೋಳಂತೂ ಕಣ್ಣೆತ್ತಿ ನೋಡಂಗಿಲ್ಲ. ನನ್ನ ತಂಗಿದೂ ಹಂಗ ಆತು, ಕಳವು ಮಾಡಿದಾಕಿಗತೆ ಬೆಳಗಾಗೂದ್ರಾಗ ಗಂಡನ ಮನಿ ಸೇರಿದ್ಲು. ನಾ ಹಂಗ ಒಲ್ಲೆ! ಹಾಡಹಗಲ ನನ್ನ ತಲಿಮ್ಯಾಲ ಅಕ್ಕಿಕಾಳು ಬೀಳಬೇಕು. ಇಲ್ಲಿ ಬೀಳಂಗಿಲ್ಲಂದ್ರ ಎಲ್ಲಿ ಬೀಳ್ತಾವೋ ಅಲ್ಲಿಗೆ ಹೋಗ್ತೀನಿ."

"ಅವ್ವ ಅಂದ್ಲು, ಮೊದಲ ನಿಂದಾಗಲಿ ಅಂತ," ಸಿದ್ದು ನೆಲ ನೋಡುತ್ತಾ ಹೇಳಿದ. "ನಾ ಅಂದೆ, ಮೊದಲ ನಿಂದು, ಆಮ್ಯಾಲ ನಂದು."

ದುರ್ಗಾಗೆ ಅಳು ಬಂತು. ನಗುವೂ ಬಂತು. ಅಯ್ಯೋ ದೇವರೇ! ಇಷ್ಟು ದಿನ ತಾನು ಹೊಟ್ಟೆಕಿಚ್ಚು ಪಟ್ಟದ್ದು ಈ ತಾಯಿಯ ಮೇಲೆಯೇ?

"ಯಾಕವಾ ಅಳ್ತಿ?"

"ಏನಿಲ್ರಿ... ಖುಷಿಗೆ."

ಗುರವ್ವ ಅವಳನ್ನು ನೋಡಿದಳು, ಮಗನನ್ನು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ಫೋಟೋಕ್ಕ ಕುಂಕುಮ ಹಚ್ಚಿಕೊಂಡ್ರ ನಡೀತೈತೇನು?"

"ಯಾಕ ನಡಿಯಂಗಿಲ್ರಿ?" ದುರ್ಗಾ ಅಂಗಡಿಯ ದೇವರ ಪಟದ ಮುಂದಿದ್ದ ಕುಂಕುಮ ತಂದು ತಾನೇ ಹಚ್ಚಿದಳು. ಕನ್ನಡಿ ನೋಡಿಕೊಂಡ ಗುರವ್ವ ಬಹಳ ಹೊತ್ತು ಕನ್ನಡಿ ಕೊಡಲೇ ಇಲ್ಲ.

ಅಂದು ದುರ್ಗಾ ಗಾಳಿಯಲ್ಲಿ ತೇಲುತ್ತಿದ್ದಳು. ಗುರವ್ವನದು, ಸಿದ್ದು ಕಾಗದ ತಂದಿದ್ದ ಕುಬೇರಪ್ಪನದು, ಇಬ್ಬರ ಅರ್ಜಿಯನ್ನೂ ಹಾಡು ಗುನುಗುತ್ತಲೇ ಹಾಕಿದಳು. ಆ ಗುಂಗಿನಲ್ಲಿ ಒಂದು ಮಾತು ಹೇಳುವುದನ್ನು ಮರೆತಳು. ದಿನವೂ ಗಿರಾಕಿಗಳಿಗೆ ಹೇಳುವ ಮಾತೇ ಅದು... ಪಾಸ್‌ಪೋರ್ಟ್ ಅಂದರೆ ಪೊಲೀಸರು ಮನೆಗೆ ಬರುತ್ತಾರೆ, ಅಕ್ಕಪಕ್ಕದವರನ್ನು ವಿಚಾರಿಸುತ್ತಾರೆ!

ಬಂದರು. ಬಮ್ಮಿಗಟ್ಟಿಯ ಕಟ್ಟೆಯ ಮೇಲೆ ಕೂತ ಪೊಲೀಸಪ್ಪ ಚಹಾ ಹೀರುತ್ತಾ ಕೇಳಿದನಂತೆ, "ಈ ಗುರವ್ವಾರು, ಆ ಕುಬೇರಪ್ಪನವರು ಹೆಂಗ್ರಿ ಮಂದಿ? ಇಬ್ಬರದೂ ಒಂದ ದಿನ ಅರ್ಜಿ ಬಂದೈತಿ."

ಇಷ್ಟು ಸಾಕಲ್ಲ! ಹೊತ್ತು ಮುಳುಗುವುದರೊಳಗೆ ಊರಿಗೆ ಊರೇ ಲೆಕ್ಕ ಹಾಕಿತು.

ಸಿದ್ದು ಫೋನ್ ಮಾಡಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಎಲ್ಲಾರಿಗೂ ಗೊತ್ತಾತ್ರಿ. ಪೊಲೀಸರು ಬರ್ತಾರಂತ ನೀವೊಂದು ಮಾತು ಹೇಳಬೇಕಿತ್ತು," ಅಂದು ಇಟ್ಟುಬಿಟ್ಟ. ಆಮೇಲೆ ಅಂಗಡಿಯ ಕಡೆ ಸುಳಿಯಲಿಲ್ಲ. ದುರ್ಗಾ ಬೈಕಿನ ಸದ್ದಾದಾಗಲೆಲ್ಲ ಬಾಗಿಲು ನೋಡುತ್ತಿದ್ದಳು. 'ನನ್ನ ಕೈಯಾರೆ ಆ ತಾಯಿಯ ಬೆಳಕು ಆರಿಸಿದೆನಲ್ಲ... ಇನ್ನ ಆಂವ ನನ್ನ ಮಾರಿ ನೋಡ್ತಾನೇನು?'

ಕೊನೆಗೆ ಗುರವ್ವನದೇ ಫೋನ್ ಬಂತು. "ನಾಳೆ ಸಂಜಿಗೆ ಉಡಕಿ ಐತವಾ. ನಮ್ಮ ನಾದಿನಿ ಬಸವಣ್ಣೆವ್ವ ಕುಂತು ನಿಶ್ಚಯ ಮಾಡ್ಯಾಳ. ಇಷ್ಟಾದಮ್ಯಾಲ ಮಗನ್ನ ಊರ ಮಂದಿ ಬಾಯಿಗೆ ಬಿಟ್ಟು ಎಲ್ಲಿ ಓಡಿ ಹೋಗಲಿ? ನೀ ಬೇಜಾರಾಗಬ್ಯಾಡ. ಹೇಳಬೇಕನಸ್ತು, ಹೇಳಿದೆ."

ದುರ್ಗಾ ಮರುದಿನ ಬೆಳಿಗ್ಗೆ ಅಂಗಡಿ ತೆರೆಯಲೇ ಇಲ್ಲ. ಬಮ್ಮಿಗಟ್ಟಿ ಬಸ್ಸು ಹತ್ತಿದಳು.

ಗುರವ್ವನ ಮನೆಯಲ್ಲಿ ನೆಂಟರು ಸೇರಿದ್ದರು. ಹೊರಗೆ ಕಟ್ಟೆಯ ಮೇಲೆ ಕುಬೇರಪ್ಪ ಬಿಳಿ ಧೋತರ ಉಟ್ಟು, ಸಂಜೆ ಯಾವಾಗ ಆಗುತ್ತದೋ ಎಂದು ಕಾಯುತ್ತಾ ಕೂತಿದ್ದ. ಸಿದ್ದು ಕಂಬಕ್ಕೆ ಒರಗಿ ನಿಂತಿದ್ದ. ದುರ್ಗಾಳನ್ನು ಕಂಡು ನೆಟ್ಟಗಾದ.

"ತಪ್ಪು ನಂದು," ದುರ್ಗಾ ಎಲ್ಲರ ಮುಂದೆಯೇ ಹೇಳಿದಳು. "ಹೇಳಬೇಕಾದ್ದು ಹೇಳಲಿಲ್ಲ. ಅದನ್ನ ಸರಿ ಮಾಡಾಕ ಬಂದೀನಿ. ಗುರವ್ವಾರು ಕೇಳಿದ್ದು ಇಷ್ಟೇ, ಹಗಲಿನ್ಯಾಗ ಅಕ್ಕಿಕಾಳು. ಈಗ ಹಗಲೈತಿ, ಮನಿಯಾಗ ಅಕ್ಕಿ ಐತಿ, ಮಂದಿ ಬಂದೀರಿ. ಸಂಜಿತನಾ ಯಾಕ ಕಾಯ್ತೀರಿ?"

ಬಸವಣ್ಣೆವ್ವ ಎದ್ದು ಬಂದಳು. ಬೆಳ್ಳಗಿನ ತಲೆ, ಗಟ್ಟಿ ದನಿ. "ಯಾರಬೇ ನೀನು? ಮದಿವಿ ಆಗೇತೇನು ನಿಂದು?"

"ಇಲ್ರಿ."

"ಹಂಗಾರ ಮೊದಲ ಹೊರಗ ನಡಿ! ಕನ್ಯಾ ಇದ್ದಾಕಿ ಉಡಕಿ ನೋಡಬಾರದು. ನೋಡಿದ್ರ ಆಕಿ ಮದಿವಿ ನಿಂತು ಹೋಗತೈತಿ. ನಿನ್ನ ಒಳ್ಳೇದಕ್ಕ ಹೇಳಾಕತ್ತೀನಿ."

ಬಸವಣ್ಣೆವ್ವ ಕೆಟ್ಟವಳಲ್ಲ. ಅವಳು ಅದನ್ನು ನಿಜವಾಗಿಯೂ ನಂಬಿದ್ದಳು. ಸುಳ್ಳೇಕೆ, ದುರ್ಗಾಳ ಎದೆಯೂ ಒಂದು ಕ್ಷಣ ಝಲ್ಲೆಂದಿತು. ಇದೇ ಮಾತನ್ನು ಅವಳ ಅಜ್ಜಿಯೂ ಹೇಳುತ್ತಿದ್ದಳು. ನಿಜವಾಗಿಬಿಟ್ಟರೆ...?

ಒಳಗೆ ಗುರವ್ವ ಮಂಚದ ತುದಿಯಲ್ಲಿ ತಲೆ ಬಗ್ಗಿಸಿ ಕೂತಿದ್ದಳು. ಹಣೆಯ ಮೇಲೆ ಕುಂಕುಮ ಇರಲಿಲ್ಲ.

ದುರ್ಗಾ ನೇರ ಒಳಗೆ ಹೋಗಿ ಅವಳ ಕೈ ಹಿಡಿದಳು. "ಏಳ್ರಿ ಅವ್ವಾರ. ನಾ ಕರಕೊಂಡು ಹೋಗ್ತೀನಿ. ಮೊದಲನೇ ಅಕ್ಕಿಕಾಳು ನಾನೇ ಹಾಕ್ತೀನಿ."

ಗುರವ್ವ ಗಾಬರಿಯಾದಳು. "ಬ್ಯಾಡ ಮಗಳ... ನನ್ನ ಸಲುವಾಗಿ ನಿನ್ನ ಬಾಳೇವು ಹಾಳಾಗಬಾರದು."

"ಕೇಳಿದೇನು?" ಬಸವಣ್ಣೆವ್ವ ಬಾಗಿಲಿಗೆ ಅಡ್ಡ ನಿಂತಳು. "ಇಷ್ಟು ಮಂದಿ ಮುಂದ ಉಡಕಿಗೆ ಅಕ್ಕಿಕಾಳು ಹಾಕಿದಾಕಿನ್ನ ಆಮ್ಯಾಲ ಯಾವಾಂವ ಮದಿವಿ ಆಗ್ತಾನಬೇ?"

"ನಾ ಆಗ್ತೀನಿ."

ಎಲ್ಲರೂ ತಿರುಗಿ ನೋಡಿದರು. ಸಿದ್ದು ಕಂಬ ಬಿಟ್ಟು ಮುಂದೆ ಬಂದಿದ್ದ.

"ನಾ ಆಗ್ತೀನಿ ಅತ್ತಿ. ಆಕಿ ಒಪ್ಪಿದ್ರ. ಇನ್ನ ದಾರಿ ಬಿಡು."

ಬಸವಣ್ಣೆವ್ವ ಅವನನ್ನು ನೋಡಿದಳು. ದುರ್ಗಾಳ ಕೆಂಪಾದ ಮುಖ ನೋಡಿದಳು. ಸುತ್ತಲಿನವರೆಲ್ಲ ಅವಳ ಬಾಯನ್ನೇ ನೋಡುತ್ತಿದ್ದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಮದಿವಿ ಆಗಾಂವನ ಮುಂದ ನಿಂತಾನಂದ್ರ ಇನ್ನ ನನ್ನದೇನೈತಿ? ಮತ್ತ ಏನ ಬಾಯಿ ತಕ್ಕೊಂಡು ನಿಂತೀರಿ? ಅಕ್ಕಿಗೆ ಅರಿಷಿಣ ಕಲಸ್ರಿ! ಮದಿವಿ ಮಾಡಸೂ ಅಯ್ಯನಾರಿಗೆ ಫೋನ್ ಹಚ್ರಿ, ಸಂಜಿಗಲ್ಲ, ಈಗ ಬರ್ರಿ ಅಂತ."

ಮಟಮಟ ಮಧ್ಯಾಹ್ನ ಅಂಗಳದಲ್ಲಿ ಕುಬೇರಪ್ಪ ತಾಳಿ ಕಟ್ಟಿದ. ಬಿಸಿಲಿಗೆ ಎಲ್ಲರೂ ಬೆವರಿದರು. ದುರ್ಗಾ ಒಂದು ಕೈ ಗುರವ್ವನ ಹಿಡಿತದಲ್ಲಿರುವಂತೆಯೇ ಇನ್ನೊಂದು ಕೈಯಿಂದ ಮೊದಲ ಅಕ್ಕಿಕಾಳು ಹಾಕಿದಳು. ಎರಡನೆಯದು ಬಸವಣ್ಣೆವ್ವನದು! ಗುರವ್ವ ಅತ್ತಳು, ನಕ್ಕಳು, ತಲೆಯ ಮೇಲಿನ ಅಕ್ಕಿಯನ್ನು ಒಂದು ಕಾಳೂ ಕೊಡವಿಕೊಳ್ಳಲಿಲ್ಲ.

"ಮದಿವಿ ಇಲ್ಲೇ ಆತಂತ ಸಮುದ್ರ ಬಿಡಂಗಿಲ್ಲ ನಾನು," ಎಂದು ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು.

"ವಿಮಾನದ ಸ್ಟೇರಿಂಗ್ ನನ್ನ ಕೈಯಾಗ ಕೊಡ್ತಾರೇನು ಕೇಳು," ಅಂದ ಕುಬೇರಪ್ಪ. ಪಂಕ್ತಿಯೆಲ್ಲ ಗೊಳ್ಳೆಂದಿತು.

ಹಿತ್ತಲಲ್ಲಿ ಕೈ ತೊಳೆಯಲು ಹೋದ ದುರ್ಗಾಗೆ ಸಿದ್ದು ಎದುರಾದ.

"ಆಗ ಅಂದದ್ದು ಖರೇನೋ, ಇಲ್ಲಾ ನಿಮ್ಮ ಅತ್ತಿ ಬಾಯಿ ಮುಚ್ಚಸಾಕೋ?" ಅವಳು ಕೇಳಿದಳು.

"ಅತ್ತಿ ಬಾಯಿ ಮುಚ್ಚಸೂದು ಯಾರಿಂದ ಆಗತೈತ್ರಿ? ಖರೇನ ಅಂದೆ. ಫೋನಿನ್ಯಾಗ ಮುಗಿಯೂ ಕೆಲಸಕ್ಕ ನಾ ಯಾಕ ಬರ್ತಿದ್ದೆ, ನಿಮಗ ತಿಳೀಲೇ ಇಲ್ಲೇನು?"

"ಮತ್ತ ಫೋನ್ ಇಟ್ಟಾಂವ ಹೊಳ್ಳಿ ಯಾಕ ಬರಲಿಲ್ಲ?"

"ಸಿಟ್ಟಿನ್ಯಾಗ ಇಟ್ಟೆ. ಆಮ್ಯಾಲ ಬಂದು ನಿಮಗ ಮಾರಿ ತೋರಸಾಕ ನಾಚಿಕಿ ಆತು."

ದುರ್ಗಾ ಒದ್ದೆ ಕೈ ನೋಡಿಕೊಂಡಳು. "ಅಕ್ಕಿಕಾಳು ಹಾಕುವಾಗ ನನಗ ಭಾಳ ಹೆದರಿಕಿ ಆಗಿತ್ತು. ಅವರಂದದ್ದು ಖರೇ ಆದ್ರ, ಅಂತ."

"ಮತ್ತ ಯಾಕ ಹಾಕಿದ್ರಿ?"

"ನಿಮ್ಮವ್ವ ನನ್ನ ಕೈ ಬಿಟ್ಟಿರಲಿಲ್ಲ."

ಸಿದ್ದು ಆ ಒದ್ದೆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡ.

"ನಾನೂ ಬಿಡಂಗಿಲ್ಲ."

"ಬಿಡಬ್ಯಾಡ್ರಿ," ಅಂದಳು ದುರ್ಗಾ.