ದೋಣಿಯ ಬೆನ್ನ ಮೇಲೆ ಮೂರು ಏಟು

"ಶಿರೀಷಾ, ಇಳೀಬೇಡ! ಬೋಟಲ್ಲೇ ಕೂತಿರಮ್ಮ!"

ಬಂಡೆಯ ಮೇಲಿಂದ ಶಿಬಿರದ ತನುಜ ಮೇಡಂ ಕೂಗಿದ್ದು ಶಿರೀಷಾಳಿಗೆ ಕೇಳಿಸಿತು. ಆದರೆ ಅಷ್ಟರಲ್ಲಿ ಅವಳು ಒಬ್ಬರೇ ಕೂರುವ ಕಯಾಕ್ ದೋಣಿಯಿಂದ ಅರ್ಧ ಹೊರಗೆ ಬಂದಾಗಿತ್ತು.

ಕಯಾಕಿನಲ್ಲಿ ಕೂತವರ ಸೊಂಟಕ್ಕೆ ಒಂದು ರಬ್ಬರ್ ಸ್ಕರ್ಟ್ ಇರುತ್ತದೆ. ಅದನ್ನು ದೋಣಿಯ ಬಾಯಿಗೆ ಬಿಗಿದರೆ ನೀರು ಒಳಗೆ ಬರುವುದಿಲ್ಲ. ಮುಂದಿನ ಕುಣಿಕೆ ಎಳೆದರೆ ಬಿಚ್ಚಿಕೊಳ್ಳುತ್ತದೆ. ಶಿರೀಷಾ ಕುಣಿಕೆ ಎಳೆದಳು, ಕಾಲು ಬಿಡಿಸಿಕೊಂಡಳು, ಹಾರಿಯೇಬಿಟ್ಟಳು.

ಹಾರದೆ ಇನ್ನೇನು ಮಾಡುವುದು? ಎದುರಿಗೆ ಅವಳ ಜೋಡಿ ಇಫ್ರಾಳ ಹಳದಿ ಕಯಾಕ್ ಮಗುಚಿಕೊಂಡಿತ್ತು. ದೋಣಿಯ ಬೆನ್ನು ಮೇಲೆ, ಇಫ್ರಾ ನೀರಿನೊಳಗೆ.

ಇಫ್ರಾ ಮಗುಚಿದ ಜಾಗಕ್ಕೇ ಶಿರೀಷಾ ಸರಿಯಾಗಿ ಬಿದ್ದಳು. ಮುಳುಗಲು ನೋಡಿದರೆ ಲೈಫ್ ಜಾಕೆಟ್ ಬಿಡಲಿಲ್ಲ. ಮುಖ ಅದ್ದಿ ಕಣ್ಣು ಬಿಟ್ಟಳು. ಕೆಳಗೆ ಬರೀ ಹಸಿರು ಕತ್ತಲು, ನಾಲ್ಕು ಉರುಟು ಕಲ್ಲು. ಇಫ್ರಾ ಇಲ್ಲ. ದೋಣಿಯೂ ಇಲ್ಲ.

ತಲೆಯೆತ್ತಿ ನೋಡಿದರೆ ಹಳದಿ ಕಯಾಕ್ ಮೂವತ್ತು ಅಡಿ ಮುಂದೆ ಹರಿವಿನ ಜೊತೆ ಹೋಗುತ್ತಿತ್ತು. ಇಫ್ರಾ ತಾನಾಗಿಯೇ ಹೊರಗೆ ಬಂದು, ಅದರ ಬಾಲ ಹಿಡಿದುಕೊಂಡು ಕೆಮ್ಮುತ್ತಿದ್ದಳು. ಶಿರೀಷಾಳ ನೀಲಿ ಕಯಾಕ್ ಯಾರೂ ಇಲ್ಲದೆ ಒಂದು ದಿಕ್ಕಿಗೆ ಹೋಯಿತು. ಹುಟ್ಟು ಹಾಕುವ ಪ್ಯಾಡಲ್ ಇನ್ನೊಂದು ದಿಕ್ಕಿಗೆ.

ತರಬೇತುದಾರ ಕೆಂಪರಾಜು ಸಾರ್ ತಮ್ಮ ಕಯಾಕಿನಲ್ಲಿ ಬಾಣದ ಹಾಗೆ ಹೋಗಿ ಇಫ್ರಾಳನ್ನು ದಡಕ್ಕೆ ತಂದರು. ತನುಜ ಮೇಡಂ ಶಿರೀಷಾಳಿಗೆ ಹಗ್ಗ ಎಸೆದು ಎಳೆದುಕೊಂಡರು. ನೀಲಿ ಕಯಾಕ್ ಸಿಕ್ಕಿದ್ದು ಅರ್ಧ ಗಂಟೆಯ ಮೇಲೆ, ತಿರುವಿನ ಬಿದಿರು ಮೆಳೆಯಲ್ಲಿ.

"ಸೂಪರ್ ಜಂಪ್ ಕಣೇ!" ಎಂದ ಚಿಂತಾಮಣಿಯ ಚೈತನ್ಯ. "ಕಪ್ಪೆಗೆ ಫಸ್ಟ್ ಪ್ರೈಜ್!"

ಎಲ್ಲರೂ ನಕ್ಕರು. ಕೆಂಪರಾಜು ಸಾರ್ ನಗಲಿಲ್ಲ, ಬೈಯಲೂ ಇಲ್ಲ. ಟೋಪಿ ಹಿಂಡುತ್ತಾ ಕೇಳಿದರು.

"ನೀರಲ್ಲಿ ಯಾರಿದ್ರು?"

"ಇಫ್ರಾ, ಸಾರ್."

"ನೀನು ಹಾರಿದ ಮೇಲೆ?"

"ಇಫ್ರಾ... ನಾನು."

"ಒಬ್ಬಳನ್ನ ಎತ್ತಬೇಕಾಗಿತ್ತು. ನೀನು ಇಬ್ಬರನ್ನ ಮಾಡಿದೆ."

ಶಿರೀಷಾ ತಲೆ ತಗ್ಗಿಸಿದಳು.

"ಭಾನುವಾರ ಎಲ್ಲರೂ ಕಯಾಕಲ್ಲಿ ಆ ನೊರೆನೀರಿನ ರ‍್ಯಾಪಿಡ್ ಇಳೀತಾರೆ. ನೀನು ಗಾಳಿ ತುಂಬಿದ ದೊಡ್ಡ ರಾಫ್ಟಲ್ಲಿ ಬಾ, ಊಟದ ಡಬ್ಬಿಗಳ ಜೊತೆ. ಜೋಡಿ ಇಲ್ಲದೆ ಯಾರನ್ನೂ ಬಿಡಲ್ಲ. ಆದ್ದರಿಂದ ಇಫ್ರಾನೂ ರಾಫ್ಟಲ್ಲೇ."

ಇಫ್ರಾ ಶಿರೀಷಾಳ ಕಡೆ ನೋಡದೆ ಟೆಂಟಿಗೆ ನಡೆದುಬಿಟ್ಟಳು.

ಶಿರೀಷಾಳದು ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿ. ಆ ಕಡೆ ತುಂಬಿ ಹರಿಯುವ ಹೊಳೆ ಇಲ್ಲ. ಎರಡು ವರ್ಷದ ಹಿಂದೆ ಕೆರೆ ತುಂಬಿದಾಗ ಅವರ ತೋಟದ ಬಾವಿಗೂ ನೀರು ಏರಿತ್ತು. ಎಷ್ಟೋ ವರ್ಷ ಒಣಬಾವಿ ನೋಡಿಕೊಂಡು ಕೂತಿದ್ದ ತಾತ ಆವಲಪ್ಪ, ಮೊಮ್ಮಗಳ ಬೆನ್ನಿಗೆ ಖಾಲಿ ಕ್ಯಾನ್ ಕಟ್ಟಿ ನೀರಿಗಿಳಿಸಿದ್ದ.

"ಮೊದಲು ಗಂಗಮ್ಮನಿಗೆ ಕೈ ಮುಗಿ. ಆಮೇಲೆ ಇಳಿ. ಬಿದ್ದ ವಸ್ತು ಎಲ್ಲೂ ಹೋಗಲ್ಲ ಕಣಮ್ಮ, ಬಿದ್ದ ಜಾಗದಲ್ಲೇ ಇರ್ತದೆ. ನೆಟ್ಟಗೆ ಅಲ್ಲಿಗೇ ಹೋಗು."

ಹಾಗೆ ಹೋಗಿಯೇ ಶಿರೀಷಾ ಮೋಟಾರಿನ ಸ್ಪ್ಯಾನರ್ ತಂದಿದ್ದಳು, ಬಿಂದಿಗೆ ತಂದಿದ್ದಳು. ಒಂದು ಸಲ ನೆರೆಮನೆ ಅಕ್ಕಯಮ್ಮನ ಮೇಕೆಮರಿಯನ್ನು ಉಸಿರಿರುವಾಗಲೇ ಮೇಲೆ ತಂದಿದ್ದಳು. ಅಂದಿನಿಂದ ಊರೆಲ್ಲ ಅವಳನ್ನು ನೀರುಕೋಳಿ ಎಂದು ಕರೆಯುತ್ತಿತ್ತು. ಕಾಳಿ ನದಿಯ ಈ ಬೇಸಿಗೆ ಶಿಬಿರಕ್ಕೆ ಜಿಲ್ಲೆಯಿಂದ ಎಂಟು ಮಕ್ಕಳನ್ನು ಆರಿಸಿದಾಗ ಮೊದಲ ಹೆಸರೇ ಅವಳದು.

ಇಫ್ರಾ ಶಿಡ್ಲಘಟ್ಟ ಪೇಟೆಯ ಹುಡುಗಿ. ತಾಲ್ಲೂಕು ಓಟದಲ್ಲಿ ಫಸ್ಟ್ ಬಂದು ಆಯ್ಕೆಯಾಗಿದ್ದಳು. ಅವಳು ಈಜು ಕಲಿತಿದ್ದು ಇಲ್ಲಿಗೆ ಬಂದ ಮೇಲೆ, ಅದೂ ಕೈಕಾಲು ಬಡಿಯುವಷ್ಟು ಮಾತ್ರ.

ಟೆಂಟಿನ ಹಿಂದೆ ಇಫ್ರಾ ಒದ್ದೆ ಬಟ್ಟೆಯನ್ನು ಹಗ್ಗದ ಮೇಲೆ ಹರವುತ್ತಿದ್ದಳು.

"ಕೋಪಾನಾ?" ಶಿರೀಷಾ ಕೇಳಿದಳು. "ನಿನ್ನ ಕಾಪಾಡಕ್ಕೆ ತಾನೇ ನಾನು ಹಾರಿದ್ದು?"

"ನಾನು ಮೂರು ಸಲ ಬಡಿದೆ."

ಇಫ್ರಾ ಇನ್ನೊಂದು ಬಟ್ಟೆ ಹಿಂಡಿದಳು.

"ಸಾರ್ ಹೇಳಿದ್ದು ಅದೇ ತಾನೇ? ಮಗುಚಿದ್ರೆ ಬೋಟಿನ ಬೆನ್ನ ಮೇಲೆ ಮೂರು ಏಟು ಹೊಡಿ. ಕೈ ನೀರಿಂದ ಮೇಲೆ ಇಟ್ಕೊಂಡು ಕಾಯಿ. ಜೋಡಿ ತನ್ನ ಬೋಟಿನ ಮೂತಿ ತರ್ತಾಳೆ, ಅದನ್ನ ಹಿಡ್ಕೊಂಡು ಎದ್ದೇಳು ಅಂತ. ಬಡಿದೆ, ಕಾದೆ. ಕೈಗೆ ಏನೂ ಸಿಗಲಿಲ್ಲ. ಮತ್ತೆ ಬಡಿದೆ. ಮೂಗಲ್ಲೆಲ್ಲ ನೀರು. ಎಲ್ಲೇ ಇದ್ದೆ ನೀನು?"

"ನೀರಲ್ಲಿ."

"ನೀರಲ್ಲಿ ನಾನೂ ಇದ್ನಲ್ಲ!" ಎಂದು ಇಫ್ರಾ ಬಟ್ಟೆಗೆ ಕ್ಲಿಪ್ಪು ಸಿಕ್ಕಿಸಿ ಹೋದಳು.

ಮಧ್ಯಾಹ್ನ ಊಟವಾದ ಮೇಲೆ ಒಬ್ಬೊಬ್ಬರಿಗೆ ಐದು ನಿಮಿಷ ಫೋನ್ ಸಿಗುತ್ತಿತ್ತು. ಶಿರೀಷಾ ತಾತನಿಗೆ ಮಾಡಿದಳು.

"ಏಮ್ಮಾ, ಊಟ ಆಯ್ತಾ? ಮುದ್ದೆ ಹಾಕ್ತಾರಾ?"

"ಇಲ್ಲ ತಾತ, ಚಪಾತಿ."

"ಅಯ್ಯೋ ಪಾಪ."

ಶಿರೀಷಾ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಆ ಸಾರ್‌ಗೇನು ಗೊತ್ತು, ನೀನು ಮಾಡಿದ್ದೇ ಸರಿ ಎಂದು ತಾತ ಹೇಳಲೆಂದು ಕಾದಳು.

"ಅವಳು ಬಿದ್ದ ಜಾಗದಲ್ಲೇ ನೋಡಿದೆ ತಾತ, ನೀನು ಹೇಳ್ಕೊಟ್ಟಂಗೇ. ಅಲ್ಲಿರಲಿಲ್ಲ."

"ನೀರು ಹೋಗ್ತಾ ಇತ್ತೇನಮ್ಮ?"

"ಹೂಂ."

"ಎಷ್ಟು ಜೋರು?"

"ನಾವು ಓಡೋವಷ್ಟು."

ಆ ಕಡೆ ಕೊಟ್ಟಿಗೆಯಲ್ಲಿ ಹಸು ಕೂಗಿದ್ದು ಕೇಳಿಸಿತು.

"ಅಂಥ ನೀರಿಗೆ ನಾನು ಒಂದಿನಾನೂ ಇಳಿದಿಲ್ಲ ಕಣಮ್ಮ," ಎಂದ ತಾತ. "ನಾನು ಬಾವಿಯೋನು. ಹೊಳೆ ಸಂಗತಿ ನಂಗೆ ಗೊತ್ತಿಲ್ಲ. ಆ ಸಾರ್ ಹೇಳಿದಂಗೆ ಕೇಳು. ಬಂದ ಮೇಲೆ ನಂಗೂ ಹೇಳ್ಕೊಡು."

ಫೋನ್ ಕಟ್ಟಾದ ಮೇಲೂ ಶಿರೀಷಾ ಅಲ್ಲೇ ನಿಂತಿದ್ದಳು. ನೀರಿನ ವಿಷಯದಲ್ಲಿ ತಾತ ಗೊತ್ತಿಲ್ಲ ಎಂದಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಹಾಗೆ ಹೇಳುವಾಗ ತಾತನ ದನಿ ಒಂದು ಚೂರೂ ಸಣ್ಣದಾಗಿರಲಿಲ್ಲ.

ಅವಳು ನೇರವಾಗಿ ಕೆಂಪರಾಜು ಸಾರ್ ಬಳಿ ಹೋದಳು.

"ಸಾರ್, ಇನ್ನೊಂದು ಚಾನ್ಸ್ ಕೊಡಿ. ಇಫ್ರಾನ ಎತ್ತಿ ತೋರಿಸ್ತೀನಿ."

ಸಾರ್ ಅವಳ ಮುಖ ನೋಡಿದರು. "ಶನಿವಾರ ಕೊಡ್ತೀನಿ. ಆದ್ರೆ ಮಗುಚಿಕೊಳ್ಳೋಳು ಇಫ್ರಾ. ಅವಳು ಒಪ್ಪಬೇಕು."

ಇಫ್ರಾ ಎಲ್ಲ ಕೇಳಿಸಿಕೊಂಡಳು. ಒಂದು ಕಲ್ಲು ಆರಿಸಿ ನೀರಿಗೆ ಎಸೆದಳು.

"ಮೊದಲು ನೀನು ಮಗುಚ್ಕೋ. ನಾನು ಬೋಟ್ ತರ್ತೀನಿ. ಆಮೇಲೆ ನೋಡಣ."

ಮರುದಿನ ತನುಜ ಮೇಡಂ ಪಕ್ಕದಲ್ಲೇ ನಿಂತು ಕಾದರು. ದಡದ ತಿಳಿನೀರಿನಲ್ಲಿ ಶಿರೀಷಾ ಬೇಕೆಂದೇ ಮಗುಚಿಕೊಂಡಳು. ತಲೆ ಕೆಳಗೆ, ಕಾಲು ಮೇಲೆ. ಮೂಗಿನೊಳಗೆ ನೀರು ನುಗ್ಗಿತು. ಒಂದು ಏಟು ಹೊಡೆದಳು, ಅಷ್ಟೇ. ಕೈ ತಾನಾಗಿ ಕುಣಿಕೆಗೆ ಹೋಯಿತು. ಹೊರಗೆ ಬಂದುಬಿಟ್ಟಳು.

"ಏನೇ ನೀರುಕೋಳಿ, ಇಷ್ಟೇನಾ?" ಎಂದಳು ಇಫ್ರಾ.

ಎರಡನೇ ಸಲ ಎರಡು ಏಟು. ಮತ್ತೆ ಹೊರಗೆ.

ಬಾವಿಯಲ್ಲಿ ಅವಳು ಇದಕ್ಕಿಂತ ಹೆಚ್ಚು ಹೊತ್ತು ಉಸಿರು ಕಟ್ಟುತ್ತಿದ್ದಳು. ಆದರೆ ಅಲ್ಲಿ ಮೇಲೆ ಬರುವುದು ಅವಳ ಕೈಯಲ್ಲೇ ಇತ್ತು. ಇಲ್ಲಿ ಇನ್ನೊಬ್ಬರು ಬರಬೇಕು.

ಮೂರನೇ ಸಲ ಮೂರೂ ಏಟು ಹೊಡೆದಳು. ಕೈ ಮೇಲೆ ಚಾಚಿ ಕಾದಳು. ಕಿವಿಯಲ್ಲಿ ನೀರಿನ ಗುಂಯ್ ಸದ್ದು. 'ಗಂಗಮ್ಮ ತಾಯೀ, ಗಂಗಮ್ಮ ತಾಯೀ' ಎಂದುಕೊಂಡಳು. ಕೈಗೆ ಗಾಳಿ ಮಾತ್ರ ಸಿಗುತ್ತಿತ್ತು. ಇನ್ನು ಆಗುವುದೇ ಇಲ್ಲ ಎನ್ನುವಾಗ ಏನೋ ಗಟ್ಟಿಯಾದದ್ದು ಅಂಗೈಗೆ ತಾಗಿತು. ಇಫ್ರಾಳ ದೋಣಿಯ ಮೂತಿ! ಹಿಡಿದುಕೊಂಡು ಸೊಂಟ ತಿರುಗಿಸಿದಳು. ಆಕಾಶ ಕಂಡಿತು.

"ಎಷ್ಟು ಹೊತ್ತು ಮಾಡಿದ್ಯೇ!"

"ಆರು ಸೆಕೆಂಡು."

"ಸುಳ್ಳು!"

"ಅಲ್ಲಾನ ಆಣೆ, ಆರೇ. ಮೇಡಂನ ಕೇಳು."

ಮೇಡಂ ಹೌದೆಂದು ತಲೆಯಾಡಿಸಿದರು. ಶಿರೀಷಾ ಮುಖದ ನೀರು ಒರೆಸಿಕೊಂಡಳು. ಅವತ್ತು ಇಫ್ರಾ ಮೂರು ಬಡಿದು ಕಾದು, ಮತ್ತೆ ಮೂರು ಬಡಿದು ಕಾದಿದ್ದಳು.

"ಸಾರಿ ಕಣೇ," ಎಂದಳು.

"ಹೂಂ," ಎಂದಳು ಇಫ್ರಾ. ಪ್ಯಾಡಲ್ ಎತ್ತಿಕೊಂಡು, "ಶನಿವಾರ ನಾನು ಮಗುಚ್ಕೋತೀನಿ," ಎಂದಳು.

ಶನಿವಾರ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರು. ಹೊಳೆ ಕಲ್ಲುಗಳ ನಡುವೆ ನೊರೆ ಎಬ್ಬಿಸಿಕೊಂಡು ಹೋಗುತ್ತಿತ್ತು. ಉಳಿದ ಆರು ಮಕ್ಕಳೂ ಬಂಡೆಯ ಮೇಲೆ ಕೂತಿದ್ದರು.

"ಕಪ್ಪೆ ಹಾರಕ್ಕೆ ರೆಡಿ, ನೋಡ್ರೋ!" ಚೈತನ್ಯ ಕೂಗಿದ.

ಶಿರೀಷಾ ಹೊಳೆಯ ನೀರನ್ನು ಬೆರಳಲ್ಲಿ ತೆಗೆದು ಕಣ್ಣಿಗೆ ಒತ್ತಿಕೊಂಡಳು. ಇಫ್ರಾಳ ತುಟಿ ಬಿಸ್ಮಿಲ್ಲಾ ಎಂದಿತು. ಮರುಕ್ಷಣ ಹಳದಿ ಕಯಾಕ್ ಮಗುಚಿತು.

ಶಿರೀಷಾಳ ಕೈ ಕುಣಿಕೆಗೆ ಹೋಯಿತು. ಅವಳು ಅದನ್ನು ಅಲ್ಲಿಂದ ತೆಗೆದು ಪ್ಯಾಡಲ್ ಹಿಡಿದಳು. ಇಫ್ರಾ ಬಿದ್ದ ಜಾಗ ನೋಡಲಿಲ್ಲ. ನೀರು ಹೋಗುವ ಕಡೆ ನೋಡಿದಳು. ಅಗೋ, ಹಳದಿ ಬೆನ್ನು! ಎಡಕ್ಕೆ ಎಳೆದಳು, ಮತ್ತೆ ಎಡಕ್ಕೆ, ಬಲಕ್ಕೆ.

ಟಪ್. ಟಪ್. ಟಪ್.

ಹೊಳೆಯ ಅಷ್ಟು ಸದ್ದಿನಲ್ಲೂ ಕೇಳಿಸಿತು. ಅವಳು ದೋಣಿಯ ಮೂತಿಯನ್ನು ಅತ್ತ ತಿರುಗಿಸಿದಳು. ಸೆಳವು ದೋಣಿಯನ್ನು ಪಕ್ಕಕ್ಕೆ ತಳ್ಳಿತು. ಒಂದೇ ಒಂದು ಮೊಳದಲ್ಲಿ ತಪ್ಪಿತು!

ಇಫ್ರಾಳ ಎರಡು ಕೈಗಳು ಗಾಳಿಯಲ್ಲಿ ಹುಡುಕುತ್ತಿದ್ದವು. ಹಾರು, ಹಾರು ಎಂದಿತು ಶಿರೀಷಾಳ ಮೈಯೆಲ್ಲ. ಅವಳು ಹಲ್ಲು ಕಚ್ಚಿ ಕೂತಳು. ದೋಣಿಯನ್ನು ಮತ್ತೆ ತಿರುಗಿಸಿದಳು.

ಟಪ್. ಟಪ್. ಟಪ್.

ಇಫ್ರಾ ಇನ್ನೂ ಅಲ್ಲೇ ಇದ್ದಳು. ಕುಣಿಕೆ ಎಳೆದಿರಲಿಲ್ಲ.

ಈ ಸಲ ಮೂತಿ ನೇರ ಹೋಗಿ ಅಂಗೈಗೆ ತಾಗಿತು. ಹತ್ತು ಬೆರಳೂ ಅದನ್ನು ಬಿಗಿಯಾಗಿ ಹಿಡಿದವು. ನೀರು ಸುರಿಸುತ್ತಾ ಇಫ್ರಾ ಮೇಲೆದ್ದಳು. ಜಡೆ ಮುಖಕ್ಕೆ ಅಂಟಿತ್ತು, ಮೂಗು ಸೋರುತ್ತಿತ್ತು.

"ಲೇಟ್!" ಎಂದಳು ಕೆಮ್ಮುತ್ತಾ. "ಮೀನುಗಳಿಗೆಲ್ಲ ಹೆಸರಿಟ್ಟು ಬಂದೆ."

ಶಿರೀಷಾಳಿಗೆ ನಗು ಬಂತು. "ಆಚೆ ಬರಬೋದಾಗಿತ್ತಲ್ಲೇ, ಯಾಕೆ ಬರಲಿಲ್ಲ?"

"ನೀನು ಬರ್ತೀಯಲ್ಲ, ಅದಕ್ಕೆ."

ಬಂಡೆಯ ಮೇಲೆ ಚಪ್ಪಾಳೆ ಕೇಳಿಸಿತು. ಎಲ್ಲರಿಗಿಂತ ಜೋರಾಗಿ ಶಿಳ್ಳೆ ಹಾಕಿದವನು ಚೈತನ್ಯ. ಕೆಂಪರಾಜು ಸಾರ್ ಮಾತ್ರ, "ನಾಳೆ ಎಂಟು ಗಂಟೆಗೆ ಇಬ್ರೂ ಹೆಲ್ಮೆಟ್ ಹಾಕ್ಕೊಂಡು ಇಲ್ಲಿರಿ," ಎಂದು ಹೊರಟರು.

ಭಾನುವಾರ ಬೆಳಗ್ಗೆ ಎಂಟು ಕಯಾಕುಗಳು ಸಾಲಾಗಿ ನಿಂತವು. ಸಾರ್ ಒಬ್ಬೊಬ್ಬರ ಸರದಿ ಹೇಳುತ್ತಾ ಬಂದರು. ಮೊದಲು ಚೈತನ್ಯ. ಎರಡು, ಮೂರು, ನಾಲ್ಕು... ಏಳು ಇಫ್ರಾ.

"ಶಿರೀಷಾ ಕೊನೆ."

"ಅಯ್ಯೋ, ಲಾಸ್ಟಾ!" ಎಂದ ಚೈತನ್ಯ.

ಶಿರೀಷಾಳ ಮುಖ ಬಾಡಿತು. ಸಾರ್ ಅವಳ ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡಿದರು. "ಕೊನೇ ಬೋಟಿನೋರು ಮುಂದಿರೋರ ಮೇಲೆಲ್ಲ ಕಣ್ಣಿಟ್ಟಿರಬೇಕು. ಯಾರಾದ್ರೂ ಬಡಿದ್ರೆ ಹೋಗಬೇಕು. ತನುಜ ಮೇಡಂ ನಿನ್ನ ಪಕ್ಕದಲ್ಲೇ ಇರ್ತಾರೆ. ಆಗುತ್ತಾ?"

ಶಿರೀಷಾ ಸಾರ್ ಮುಖ ನೋಡಿದಳು. ಆಮೇಲೆ ಮುಂದೆ ನಿಂತಿದ್ದ ಏಳು ದೋಣಿಗಳನ್ನು ನೋಡಿದಳು.

"ಆಗುತ್ತೆ ಸಾರ್."

ಒಂದೊಂದೇ ಕಯಾಕ್ ಬಿಳಿ ನೊರೆಯೊಳಗೆ ಇಳಿಯಿತು. ಒಂದೊಂದೇ ಹೆಲ್ಮೆಟ್ ನೊರೆಯಲ್ಲಿ ಮಾಯವಾಗಿ, ಆಚೆ ಕಡೆಯ ತಿಳಿನೀರಿನಲ್ಲಿ ಮತ್ತೆ ಕಾಣಿಸಿತು. ಹೊಳೆಯ ಸದ್ದಿನ ನಡುವೆ ಶಿರೀಷಾ ಕಿವಿಗೊಟ್ಟು ಕೂತಿದ್ದಳು. ಬೆನ್ನು ತಾನಾಗಿ ನೆಟ್ಟಗಾಗಿತ್ತು. ಎಲ್ಲರಿಗಿಂತ ಹಿಂದಿನ ಈ ಜಾಗದಿಂದ ಎಲ್ಲರೂ ಕಾಣುತ್ತಿದ್ದರು.

ಐದು. ಆರು. ಏಳನೆಯವಳು ಇಫ್ರಾ. ನೊರೆ ದಾಟಿ, ತಿರುಗಿ ನೋಡಿ, ಪ್ಯಾಡಲ್ ಮೇಲೆತ್ತಿದಳು.

ಏಳೂ ಇದ್ದವು. ಶಿರೀಷಾ ಇನ್ನೊಮ್ಮೆ ಎಣಿಸಿದಳು. ಆಮೇಲೆ ಹೊರಟಳು.